ಮೂರನೇ ಸಲ ಕೇಳಲಿಲ್ಲ

ನಮ್ಮ ಮಿನ್ನೆಸೋಟದ ಜನಕ್ಕೆ ಒಂದು ರೋಗವಿದೆ. ಯಾರು ಏನು ಕೊಡಲು ಬಂದರೂ ಎರಡು ಸಲ ಬೇಡ ಅನ್ನಬೇಕು, ಮೂರನೇ ಸಲ ಒತ್ತಾಯ ಮಾಡಿದ ಮೇಲಷ್ಟೇ ಕೈ ಚಾಚಬೇಕು. ಮೊದಲ ಸಲಕ್ಕೇ ಹೂಂ ಅಂದವನು ನಾಚಿಕೆಗೆಟ್ಟವನು. ಅಪ್ಪನಿಗೆ ಈ ರೋಗ ಮೂಳೆಗೇ ಇಳಿದಿತ್ತು.

ಊರಿನ ಎರಡು ವರ್ಷದ ಕಾಲೇಜು ಮುಗಿಸಿದ್ದೆ. ವಿಶ್ವವಿದ್ಯಾಲಯ ಮೂರನೇ ವರ್ಷಕ್ಕೆ ಸೀಟು ಕೊಟ್ಟಿತ್ತು; ಫೀಸು ಕಟ್ಟುವ ದಾರಿ ತೋರಿಸಿರಲಿಲ್ಲ. ಅಲ್ಲಿಯ ದೊಡ್ಡ ವಿದ್ಯಾರ್ಥಿವೇತನಗಳೆಲ್ಲ ಹೈಸ್ಕೂಲಿನಿಂದ ನೇರ ಬರುವವರಿಗೆ. ನಡುವೆ ಬಂದು ಸೇರುವ ನಾವು ಊಟ ಮುಗಿದ ಮೇಲೆ ಬಂದ ನೆಂಟರು. ಸರ್ಕಾರದ ನೆರವು ಬಡವರಿಗೆ. ಅಪ್ಪ ರಸ್ತೆಯ ಹಿಮ ತೆಗೆಯುವ ಲಾರಿಗಳ ಮೇಲ್ವಿಚಾರಕ, ಅಮ್ಮ ಸ್ಕೂಲ್ ಬಸ್ಸಿನ ಡ್ರೈವರ್. ಇಬ್ಬರ ಸಂಬಳ ಸೇರಿಸಿದರೆ ನಾವು ಬಡವರಲ್ಲ. ಶ್ರೀಮಂತರೂ ಅಲ್ಲ ಅನ್ನುವುದು ಯಾವ ಕಚೇರಿಗೂ ಬೇಕಿರಲಿಲ್ಲ. ಚಳಿಗಾಲವಿಡೀ ಹುಡುಕಿದೆ. ಎಡಗೈಯವರಿಗೆ, ತೀರಾ ಎತ್ತರದವರಿಗೆ, ಬಾತುಕೋಳಿಯ ಹಾಗೆ ಕೂಗಬಲ್ಲವರಿಗೆ ಕೂಡ ಹಣವಿತ್ತು. ಹಿಮ ತೆಗೆಸುವವನ ಸಾಧಾರಣ ಎತ್ತರದ ಮಗಳಿಗೆ ಇರಲಿಲ್ಲ.

ಕೊನೆಗೆ ಉಳಿದದ್ದು ನಮ್ಮೂರ ಮಹಿಳಾ ಸಂಘದ ವಿದ್ಯಾರ್ಥಿವೇತನ. ಕಾಲೇಜು ಬದಲಿಸುವವರಿಗೆಂದೇ ಇಟ್ಟದ್ದು. ಸಿಕ್ಕರೆ ಎರಡೂ ವರ್ಷದ ಫೀಸು. ಅಂತಿಮ ಸುತ್ತಿಗೆ ಬಂದವರು ನಾನು ಮತ್ತು ದಂತವೈದ್ಯರ ಮಗ ಕ್ರಿಸ್ಪಿನ್. ಚರ್ಚಿನ ನೆಲಮಾಳಿಗೆಯಲ್ಲಿ ಊಟವಿಟ್ಟುಕೊಂಡು ಮನೆಯವರ ಸಮೇತ ಕರೆದಿದ್ದರು. ಅಮ್ಮನಿಗೆ ಬಸ್ಸಿನ ಕೆಲಸವಿತ್ತು; ನಾನೂ ಅಪ್ಪನೂ ಹೋದೆವು. ಸಂಘದ ಹೊಸ ಅಧ್ಯಕ್ಷೆ ಡೆಲ್ವೆಕಿಯೊ ನ್ಯೂಜೆರ್ಸಿಯಿಂದ ಬಂದು ಇನ್ನೂ ವರ್ಷವಾಗಿರಲಿಲ್ಲ. ಅವರು ಅಪ್ಪನ ಮುಂದೆ ನಿಂಬೆಹಣ್ಣಿನ ಕೇಕಿನ ತಟ್ಟೆ ಹಿಡಿದರು. ಅಪ್ಪ ಎರಡು ಸಲ ಬೇಡ ಅಂದ. ಅವರು ತಟ್ಟೆ ಎತ್ತಿಕೊಂಡು ಮುಂದಿನ ಮೇಜಿಗೆ ಹೋಗಿಬಿಟ್ಟರು. ಅಪ್ಪನಿಗೆ ಆಗಲೇ ಬುದ್ಧಿ ಬರಬೇಕಿತ್ತು.

ಊಟವಾದ ಮೇಲೆ ಅವರು ನಮ್ಮೆದುರು ಕುರ್ಚಿ ಎಳೆದುಕೊಂಡು ಕೂತರು.

"ಟ್ವೀಟನ್ ಅವರೇ, ನಿಮ್ಮ ಬ್ರಿಟ್‌ಗೇ ಕೊಡೋಣ ಅಂತ ಎಲ್ರೂ ಒಪ್ಪಿದೀವಿ."

ನಾನು ಕುರ್ಚಿಯ ತುದಿಗೆ ಸರಿದೆ.

"ಅಯ್ಯೋ, ನಮಗ್ಯಾಕೆ ಬಿಡಿ," ಅಂದ ಅಪ್ಪ. "ಇನ್ನೂ ಕಷ್ಟದಲ್ಲಿರೋರಿಗೆ ಕೊಡಿ."

"ನಿಜವಾಗ್ಲೂ ಬೇಡ್ವಾ?"

ಮೇಜಿನ ಕೆಳಗೆ ಅಪ್ಪನ ಕಾಲಿಗೆ ಒಂದು ಒದೆ ಕೊಟ್ಟೆ.

"ನಮಗೇನ್ರೀ ಕಮ್ಮಿ? ಹೇಗೋ ನಡ್ಕೊಂಡು ಹೋಗುತ್ತೆ."

ಎರಡು ಮುಗಿದಿತ್ತು. ಅಪ್ಪ ಕಾಫಿ ಲೋಟ ಕೆಳಗಿಟ್ಟು, ಮೂರನೆಯದಕ್ಕೆ ಸಿದ್ಧನಾಗಿ, ಸಂಕೋಚದ ನಗೆಯನ್ನೂ ತಂದುಕೊಂಡ. ಡೆಲ್ವೆಕಿಯೊ ಅವರ ಕಣ್ಣಲ್ಲಿ ನೀರಾಡಿತು.

"ಎಂಥ ದೊಡ್ಡ ಮನಸ್ಸು ನಿಮ್ಮದು!" ಎಂದು ಅಪ್ಪನ ಕೈ ಕುಲುಕಿ, ಎದ್ದು ದಂತವೈದ್ಯರ ಮೇಜಿಗೆ ನಡೆದರು. ಅಲ್ಲಿ ಮೊದಲ ಸಲಕ್ಕೇ ಹೂಂ ಅಂದದ್ದು ನಮಗೂ ಕೇಳಿಸಿತು.

ಕಾರಿನಲ್ಲಿ ಕೂತ ಮೇಲೆ ನನ್ನ ಸಿಟ್ಟು ಒಡೆಯಿತು.

"ನನ್ನ ಬಾಳು ಹಾಳು ಮಾಡಿದೆಯಲ್ಲಪ್ಪಾ! ಹೋಗು, ಬೇಕು ಅಂತ ಹೇಳಿ ಬಾ."

"ಇನ್ನೊಂದ್ಸಲ ಕೇಳ್ತಾರೆ ಅಂದ್ಕೊಂಡೆ ಮಗಳೇ."

"ಅವ್ರು ನಮ್ಮ ಕಡೆಯೋರಲ್ಲ! ಈಗ್ಲಾದ್ರೂ ಹೋಗು."

"ಈಗ ಹೋಗಿ ಕೇಳಿದ್ರೆ ಆ ಹುಡುಗನ ಕೈಯಿಂದ ಕಿತ್ಕೊಂಡ ಹಾಗಲ್ವಾ?" ಅಪ್ಪ ಸ್ಟೀರಿಂಗ್ ಬಿಡಲಿಲ್ಲ.

"ನೀನು ಹೋಗ್ಬೇಡ. ನಾನೇ ಹೋಗ್ತೀನಿ."

ಬಾಗಿಲನ್ನು ಧಡಾರನೆ ಹಾಕಿ ಒಳಗೆ ನಡೆದೆ. ದಾರಿಯುದ್ದಕ್ಕೂ ಅಪ್ಪನನ್ನು ಬೈದುಕೊಳ್ಳುತ್ತ, ಹೇಳಬೇಕಾದ ಮಾತನ್ನು ಜೋಡಿಸಿಕೊಂಡೆ: ಅಪ್ಪ ಹೇಳಿದ್ದು ಸುಳ್ಳು, ನಮಗೆ ಬೇಕು. ಇಷ್ಟೇ ಮಾತು. ಡೆಲ್ವೆಕಿಯೊ ಒಬ್ಬರೇ ಕೋಟು ಹಾಕಿಕೊಳ್ಳುತ್ತಿದ್ದರು.

"ಏನಮ್ಮಾ ಬ್ರಿಟ್? ಏನಾದ್ರೂ ಬೇಕಿತ್ತಾ?"

"ಏನಿಲ್ಲ ಮೇಡಂ," ಅಂದೆ. "ಊಟ ಚೆನ್ನಾಗಿತ್ತು ಅಂತ ಹೇಳಿ ಹೋಗೋಣ ಅಂತ ಬಂದೆ."