ಬೋರಲು ಲೋಟಗಳು

ಅಪ್ಪನ ಬಾರಿನಲ್ಲಿ ಟೋವಾ ಗಿರಾಕಿಯೊಬ್ಬರ ಬ್ರಾಂದಿಗೆ ಬೆರೆಸಲೆಂದು ಕಿತ್ತಳೆ ಹೋಳು, ಚೆರಿ ಹಣ್ಣು, ಸಕ್ಕರೆ ಅಚ್ಚನ್ನು ಗಾಜಿನ ಲೋಟಕ್ಕೆ ಹಾಕಿ ಮರದ ಕೋಲಿನಿಂದ ಜಜ್ಜುತ್ತಿದ್ದಾಗ ಅವಳ ಮೊಣಕೈ ಪಕ್ಕದಲ್ಲಿ ಟಕ್ಕೆಂದು ಇನ್ನೊಂದು ಪುಟಾಣಿ ಲೋಟ ಬೋರಲಾಗಿ ಬಂದು ಕೂತಿತು.

"ಇದು ಯಾರದಪ್ಪಾ?"

"ಆರ್ವಿಲ್‌ದು," ಎಂದ ಅವಳಪ್ಪ ಲೈಲ್. "ನೀನು ಊರಿಗೆ ಬಂದ ಖುಷಿಗಂತೆ."

"ಬೇಡ ಅಂತ ಹೇಳು ಅವರಿಗೆ."

"ನೀನೇ ಹೇಳ್ಕೋ. ಅವನಿಗೆ ಕಿವಿ ಮಂದ. 'ಬೇಡ' ಅನ್ನೋ ಮಾತಂತೂ ಹುಟ್ಟಿದಾಗ್ಲಿಂದ ಕೇಳ್ಸಿಲ್ಲ."

ಬಾರಿನ ಆ ತುದಿಯಿಂದ ಆರ್ವಿಲ್ ಮುದುಕ ಟೋಪಿ ಎತ್ತಿ ಹಲ್ಲು ಕಿರಿದ. ಶುಕ್ರವಾರ. ಮೀನು ಕರಿಯುವ ವಾಸನೆ ಅಡುಗೆಮನೆಯಿಂದ ಹೊರಟು ರಸ್ತೆಯವರೆಗೂ ಹೋಗಿ ಜನರನ್ನು ಕರೆತರುತ್ತಿತ್ತು. ಬಂದವರೆಲ್ಲ ಟೋವಾಳ ಕೆನ್ನೆ ಹಿಂಡಿ, ಅವಳ ಹೆಸರಲ್ಲಿ ಒಂದೊಂದು ಗುಟುಕು ಬ್ರಾಂದಿ ಕೊಡಿಸಿ ಕೂತಿದ್ದರು. ಕೊಡಿಸಿದ್ದಕ್ಕೆ ಗುರುತು ಆ ಬೋರಲು ಲೋಟ. ಬೇಕೆನಿಸಿದಾಗ ಅದನ್ನು ನೆಟ್ಟಗೆ ತಿರುಗಿಸಿದರೆ ಸಾಕು, ಲೈಲ್ ತುಂಬುತ್ತಾನೆ. ತಿರುಗಿಸುವ ತನಕ ಊರಿನ ಪ್ರೀತಿ ಹಾಗೇ ಮುಖ ಕೆಳಗೆ ಮಾಡಿ ಕಾಯುತ್ತಿರುತ್ತದೆ. ಈಗ ಅಂಥವು ನಾಲ್ಕು ಸಾಲಾಗಿದ್ದವು. ಮಗಳಿಗೆ ಇನ್ನೂ ಕುಡಿಯುವ ವಯಸ್ಸು ಆಗದಿದ್ದರೇನು, ಅಪ್ಪ ಎದುರಿಗಿದ್ದರೆ ಹಾಕಿಕೊಡಲು ವಿಸ್ಕಾನ್ಸಿನ್ ಕಾಯಿದೆಯದೂ ಅಡ್ಡಿಯಿಲ್ಲ.

ನಾಳೆಯೊಳಗೆ ಟೋವಾ ಕಾಲೇಜಿಗೆ ಉತ್ತರ ಹೇಳಬೇಕಿತ್ತು. ಮುಂದಿನ ವರ್ಷಕ್ಕೆ ಗುಡ್ಡದ ಮೇಲಿನ ಕಾಲೇಜಿನವರದೇ ಹಳದಿ ಮನೆಯಲ್ಲಿ ಅವಳಿಗೊಂದು ಕೋಣೆ ಸಿಕ್ಕಿತ್ತು. ಅಲ್ಲಿ ಹೆಂಡವಿಲ್ಲ, ಹೊಗೆಯಿಲ್ಲ, ಅಮಲೇರಿಸಿಕೊಂಡು ಹೊಸಿಲು ದಾಟುವಂತೆಯೂ ಇಲ್ಲ. ಉಳಿದ ಹುಡುಗರು ಅದಕ್ಕೆ 'ಹಾಲುಮನೆ' ಎಂದು ಹೆಸರಿಟ್ಟು ನಗುತ್ತಿದ್ದರು. ಟೋವಾಳೂ ನಕ್ಕವಳೇ. ಆದರೆ ಒಂದು ಸಂಜೆ ಯಾರದೋ ಪುಸ್ತಕ ಹಿಂದಿರುಗಿಸಲು ಹೋದವಳು ಅಲ್ಲೇ ಉಳಿದುಬಿಟ್ಟಳು. ಅಡುಗೆಮನೆಯಲ್ಲಿ ಒಬ್ಬಳು ಇನ್ನೊಬ್ಬನ ತಲೆಗೂದಲು ಕತ್ತರಿಸಿ ಒಂದು ಕಡೆ ಬೋಳು ಮಾಡಿದ್ದಳು. ಅದನ್ನು ಸರಿಮಾಡಲು ಇನ್ನೊಂದು ಕಡೆಯನ್ನೂ ಬೋಳು ಮಾಡಿದಳು. ಟೋವಾ ಹೊಟ್ಟೆ ಹಿಡಿದು ನಕ್ಕಳು. ಮಾರನೆಯ ದಿನ ಎದ್ದಾಗ ಆ ಸಂಜೆಯ ಒಂದೊಂದು ಮಾತೂ ಅವಳಿಗೆ ನೆನಪಿತ್ತು. ಅದೇ ದೊಡ್ಡ ಸೋಜಿಗವೆನಿಸಿತು.

ಅಪ್ಪನಿಗೆ ಹೇಳದೆ ಒಪ್ಪಿಕೊಳ್ಳಲು ಮಾತ್ರ ಮನಸ್ಸಾಗಲಿಲ್ಲ. ತಾತ ಕಟ್ಟಿದ ಬಾರು ಇದು. ಇಲ್ಲಿಯೇ ಅಂಬೆಗಾಲಿಟ್ಟವಳು ಹಾಲುಮನೆ ಸೇರುತ್ತೇನೆಂದರೆ ಅಪ್ಪನ ಮುಖಕ್ಕೆ ಉಗಿದಂತಾಗುವುದಿಲ್ಲವೇ?

"ಕೆರೆ ಮೇಲಿನ ಮಂಜುಗಡ್ಡೆ ಒಡೀತು ನೋಡು," ಎಂದ ಆರ್ವಿಲ್, ಊರಿಗೆಲ್ಲ ಕೇಳುವ ಹಾಗೆ. "ಮಾರ್ಚಿ ಹುಟ್ಟೋಕೆ ಮುಂಚೆನೇ ಅದ್ರ ಮೇಲೆ ಮೀನು ಹಿಡಿಯೋಕೆ ಇಟ್ಟಿದ್ದ ನನ್ನ ಗುಡಿಸ್ಲು ದಡಕ್ಕೆ ಎಳ್ಕೊಂಡೆ. ಆಮೇಲೆ ಆ ಮಂಜುಗಡ್ಡೆ ಮೇಲೆ ಕಾಲಿಟ್ಟೋನು ಬದುಕಿದ್ರೆ ಅವನ ಅಜ್ಜಿ ಪುಣ್ಯ."

ಟೋವಾಳ ಕೈಯಲ್ಲಿದ್ದ ಕೋಲು ನಿಂತಿತು. ಈಗ ಹೇಳದಿದ್ದರೆ ಎಂದೂ ಹೇಳಲಾರೆ ಎನಿಸಿತು.

"ಅಪ್ಪಾ, ಮುಂದಿನ ವರ್ಷ ಹಾಲುಮನೆಗೆ ಹೋಗೋಣ ಅಂತಿದೀನಿ."

"ಯಾವ ಮನೆಗೆ?"

ಟೋವಾ ಬಿಡಿಸಿ ಹೇಳಿದಳು. ಲೈಲ್ ಕೈಯಲ್ಲಿದ್ದ ಲೋಟವನ್ನು ಒರೆಸಿದ, ಮತ್ತೆ ಅದನ್ನೇ ಒರೆಸಿದ.

"ನಾವೇನು ವಿಷ ಮಾರ್ತೀವೇನೇ ಇಲ್ಲಿ?"

"ಹಾಗಂದ್ನಾ ನಾನು?"

"ವಿಸ್ಕಾನ್ಸಿನ್ನಲ್ಲಿ ಹುಟ್ಟಿ, ಬಾರಲ್ಲಿ ಬೆಳೆದು... ಕೇಳಿದ್ಯೇನೋ ಆರ್ವಿಲ್, ನಮ್ಮ ಹುಡ್ಗಿ ಸನ್ಯಾಸಿನಿ ಆಗ್ತಾಳಂತೆ!"

"ಊಟಕ್ಕೇನು ಕೊಡ್ತಾರಂತೆ ಅಲ್ಲಿ?" ಎಂದ ಆರ್ವಿಲ್.

"ಹಾಲು!" ಎಂದ ಲೈಲ್.

ಸುತ್ತಲಿನವರೆಲ್ಲ ನಕ್ಕರು. ಲೈಲ್ ಮಾತ್ರ ನಗಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಟೋವಾಳ ಅಮ್ಮ, "ಮೀನು ಆರೋಗ್ತಿದೆ, ಹರಟೋದು ಬಿಟ್ಟು ಬಂದು ತಗೊಂಡ್ಹೋಗ್ರೀ!" ಎಂದು ಕೂಗಿದಳು. ಲೈಲ್ ಹೆಗಲ ಮೇಲಿನ ಬಟ್ಟೆಯನ್ನು ಬಾರಿನ ಮೇಲೆ ಒಗೆದು ಒಳಗೆ ಹೋದ.

ಟೋವಾಳಿಗೆ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಮನಸ್ಸು ಕಲಕಿದಾಗ ಅವಳ ಕೈ ತಾನಾಗಿ ಸ್ವಚ್ಛ ಮಾಡತೊಡಗುತ್ತಿತ್ತು. ಬಟ್ಟೆ ತೆಗೆದುಕೊಂಡಳು, ಬಾರಿನ ಹಲಗೆ ಒರೆಸಿದಳು, ಎದುರಿಗಿದ್ದ ನಾಲ್ಕು ಪುಟಾಣಿ ಲೋಟಗಳನ್ನು ತೊಳೆಯಲಿಕ್ಕೆಂದು ಒಂದೊಂದಾಗಿ ಎತ್ತಿ ತಟ್ಟೆಯಲ್ಲಿ ನೆಟ್ಟಗೆ ಜೋಡಿಸಿದಳು. ಬಾರಿನಲ್ಲಿ ಹುಟ್ಟಿ ಬೆಳೆದವಳು ಮಾಡಬಾರದ ತಪ್ಪು ಅದು.

ಮೀನಿನ ತಟ್ಟೆಗಳೊಡನೆ ಹೊರಬಂದ ಲೈಲ್ ನೆಟ್ಟಗೆ ನಿಂತ ಲೋಟಗಳನ್ನು ನೋಡಿದ. ಅವನ ಮುಖ ಅರಳಿತು.

"ಹಾಗೆ ಬಾ ದಾರಿಗೆ!" ತಟ್ಟೆಗಳನ್ನು ಇಳಿಸಿ ಬ್ರಾಂದಿ ಬಾಟಲಿ ಎತ್ತಿದವನೇ ಒಂದು ಹನಿ ಚೆಲ್ಲದಂತೆ ನಾಲ್ಕನ್ನೂ ತುಂಬಿದ. "ಎಲ್ಲಾ ಕೇಳ್ರಪ್ಪಾ, ನಮ್ಮ ಹುಡ್ಗಿ ಲೋಟ ತಿರುಗಿಸಿದ್ಲು!"

ಬಾರಿನ ಉದ್ದಕ್ಕೂ ಲೋಟ ಹಿಡಿದ ಕೈಗಳು ಮೇಲೆದ್ದವು. ಆರ್ವಿಲ್ ತನ್ನ ಬಿಯರನ್ನು ಎತ್ತಿ ಹಿಡಿದು ಕಾದ. ಲೈಲ್ ಮಗಳ ಕಡೆಗೆ ಬಾಗಿ ದನಿ ತಗ್ಗಿಸಿದ.

"ನೋಡು ಪುಟ್ಟಿ, ಒಳಗೆ ನಿಮ್ಮಮ್ಮ ಬೈದ್ಲು. ನಾನೂ ಯೋಚ್ನೆ ಮಾಡ್ದೆ. ಹೋಗು, ಅಲ್ಲೇ ಇರು, ಬೇಡ ಅನ್ನಲ್ಲ. ಆ ಮನೆ ಕಟ್ಟಳೆ ಆ ಮನೆಗೆ. ಇಲ್ಲಿಗೆ ಬಂದಾಗ ಇದು ನಿನ್ ಮನೆ. ಆಯ್ತಾ?"

ಅವಳು ಬಯಸಿ ಬಂದದ್ದು ಅಷ್ಟೇ ಆಗಿತ್ತು. ಅಪ್ಪ ಒಪ್ಪಿದ್ದ. ಒಂದು ಗುಟುಕು ನುಂಗಿದರೆ ಎಲ್ಲರೂ ನಗುತ್ತಾ ಮೀನು ತಿನ್ನಬಹುದಿತ್ತು. ಆದರೆ ಅವಳ ಕಣ್ಣಿಗೆ ಮಾರ್ಚಿಯ ಒಂದು ಬೆಳಗು ಕಟ್ಟಿತು. ಕಾಲೇಜಿನ ಕಿಟಕಿ, ಕೆಳಗೆ ಹೆಪ್ಪುಗಟ್ಟಿದ ಅಲ್ಲಿನ ಬೂದು ಬಣ್ಣದ ಕೆರೆ, ಆ ದಡದಿಂದ ಈ ದಡದವರೆಗೆ ಒಂಟಿ ಹೆಜ್ಜೆ ಸಾಲು. ಅರ್ಧ ದಾರಿಯಲ್ಲಿ ಕಪ್ಪು ನೀರಿನ ಮಡುವೊಂದನ್ನು ಅದು ಗೇಣಂತರದಲ್ಲಿ ಬಳಸಿ ಬಂದಿತ್ತು. ಯಾವ ಹುಚ್ಚನಪ್ಪಾ ಇವನು ಎಂದುಕೊಂಡು ತಿರುಗಿದಾಗ ಕಂಡದ್ದು ಬಾಗಿಲ ಬಳಿ ನೀರು ಸೋರುತ್ತ ಬಿದ್ದಿದ್ದ ತನ್ನದೇ ಬೂಟುಗಳು. ಕೆರೆಯ ಮೇಲೆ ಯಾವ ಮನೆಯ ಕಟ್ಟಳೆ ಇತ್ತು?

"ಅಪ್ಪಾ, ಮಾರ್ಚಿಲಿ ನಾನು ಕಾಲೇಜಿನ ಹತ್ರದ ಕೆರೆನ ಮಂಜುಗಡ್ಡೆ ಮೇಲೆ ದಾಟಿ ಬಂದಿದ್ದೆ. ಒಬ್ಳೇ, ನಡ್ಕೊಂಡು. ಕುಡಿದಿದ್ದೆ. ಹೇಗೆ ಬಂದೆ ಅಂತ ಇವತ್ತಿಗೂ ನೆನಪಿಲ್ಲ."

ಲೈಲ್‌ನ ಕೈ ಬಾಟಲಿಯ ಮೇಲೆಯೇ ಉಳಿಯಿತು. ಅವನು ಆರ್ವಿಲ್ ಕಡೆ ನೋಡಿದ. ಮುದುಕ ಎತ್ತಿದ ಬಿಯರನ್ನು ನಿಧಾನವಾಗಿ ಕೆಳಗಿಟ್ಟು ಟೋಪಿ ತೆಗೆದ. ಆ ಮಾತು ಮಾತ್ರ ಅವನಿಗೆ ಸ್ಪಷ್ಟವಾಗಿ ಕೇಳಿಸಿತ್ತು.

"ದೇವ್ರೇ," ಎಂದ ಲೈಲ್. ಮಗಳ ಭುಜ ಹಿಡಿದ. ಹೆದರಿ ಬಂದವರಿಗೆ, ಹೆಂಡತಿ ಸತ್ತವರಿಗೆ, ಕೆಲಸ ಹೋದವರಿಗೆ ಇಷ್ಟು ವರ್ಷ ಮಾಡಿದ್ದನ್ನೇ ಈಗಲೂ ಮಾಡಿದ. ತುಂಬಿದ ಲೋಟವೊಂದನ್ನು ಮೆತ್ತಗೆ ಅವಳ ಮುಂದಕ್ಕೆ ಸರಿಸಿದ. "ಇದನ್ನ ಕುಡಿ ಕಂದಾ. ಧೈರ್ಯ ಬರುತ್ತೆ."

ಟೋವಾ ಲೋಟವನ್ನು ಅತ್ತ ಸರಿಸಿದಳು. ಅಪ್ಪನ ಕೈಯನ್ನು ತನ್ನ ಎರಡೂ ಅಂಗೈಗಳಲ್ಲಿ ಹಿಡಿದುಕೊಂಡು, ಬಾರಿನ ಆ ತುದಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು:

"ಬೇಡಪ್ಪಾ. ಕುಡಿಯಲ್ಲ. ಅಲ್ಲೂ ಇಲ್ಲ, ಇಲ್ಲೂ ಇಲ್ಲ."