ಮೊಟ್ಟೆಯಣ್ಣನ ಗಾಡಿ ಸದ್ದು

ಅಣ್ಣನ ಬೈಕಿನ ಮುಂದಿನ ಚಕ್ರವನ್ನು ಎರಡು ಮೊಣಕಾಲುಗಳ ನಡುವೆ ಅದುಮಿ ಹಿಡಿದು ತಮ್ಮನಾದವನು ಹ್ಯಾಂಡಲನ್ನು ತನ್ನ ಕಡೆಗೆ ಎಳೆಯುತ್ತಿದ್ದ. ಎಷ್ಟು ಎಳೆದರೂ ಅದು ಒಂದಿಷ್ಟು ಎಡಕ್ಕೇ ವಾಲುತ್ತಿತ್ತು. ಒಳಗೆ ನಡುಮನೆಯಲ್ಲಿ ಅಣ್ಣನನ್ನು ಮಲಗಿಸಿದ್ದರು. ಹೆಂಗಸರ ಅಳು ಏರುವುದು, ಇಳಿಯುವುದು, ಹೊಸಬರು ಯಾರಾದರೂ ಬಂದ ಕೂಡಲೇ ಮತ್ತೆ ಏರುವುದು ನಡೆದೇ ಇತ್ತು. ಒಡಹುಟ್ಟಿದವನ ಹೆಣ ಒಳಗಿರುವಾಗ ಅಂಗಳದಲ್ಲಿ ಸ್ಪ್ಯಾನರ್ ಹಿಡಿದು ಕೂತವನನ್ನು ಕಂಡು ಬಂದವರಲ್ಲಿ ಕೆಲವರು ಮುಖ ಸಿಂಡರಿಸಿದರು. ಸಿಂಡರಿಸಿಕೊಳ್ಳಲಿ. ಕೈಗೊಂದು ಕೆಲಸ ಇಲ್ಲದೆ ಹೋದರೆ ನೆಲಕ್ಕೆ ಬಿದ್ದು ಹೊರಳಾಡಿಬಿಡುತ್ತೇನೆ ಎನ್ನುವುದು ಅವನಿಗೆ ಗೊತ್ತಿತ್ತು.

ಗಾಡಿಗೆ ಹೇಳಿಕೊಳ್ಳುವಂಥ ಏಟೇನೂ ಬಿದ್ದಿರಲಿಲ್ಲ. ಮೊಟ್ಟೆ ಹೇರುವ ಹಿಂದಿನ ಕ್ಯಾರಿಯರ್ ನುಜ್ಜುಗುಜ್ಜಾಗಿತ್ತು, ಒಂದು ಕನ್ನಡಿ ಒಡೆದಿತ್ತು, ಸೀಟಿನ ಹೊಲಿಗೆಯ ಸಂದಿಯಲ್ಲಿ ಮೊಟ್ಟೆಯ ಹಳದಿ ಒಣಗಿ ಅಂಟಿಕೊಂಡಿತ್ತು. ಲಾರಿ ತಾಗಿದಾಗ ಗಾಡಿ ಒಂದು ಕಡೆ ಜಾರಿತ್ತು, ಅಣ್ಣ ಇನ್ನೊಂದು ಕಡೆ ಹಾರಿ ಸೇತುವೆಯ ಕಟ್ಟೆಗೆ ಎದೆ ಬಡಿದುಕೊಂಡಿದ್ದ. ತಲೆಗೆ ಹೆಲ್ಮೆಟ್ ಇತ್ತು, ಎದೆಗೆ ಏನಿರುತ್ತದೆ? ಸೈಲೆನ್ಸರಿಗೆ ಮಾತ್ರ ಒಂದು ಗೀರೂ ಆಗಿರಲಿಲ್ಲ.

ಪೊಲೀಸರ ಕೈಕಾಲು ಹಿಡಿದು ಗಾಡಿ ಬಿಡಿಸಿಕೊಂಡು ಬಂದವನು ಕೊರಿಯರಿನವನು. ಮನೆಮನೆಗೆ ಪಾರ್ಸೆಲ್ ಕೊಡುವ ಅವನು, ಹಾಲಿನವನು, ಔಷಧಿ ಅಂಗಡಿಗಳಿಗೆ ಡಬ್ಬ ಮುಟ್ಟಿಸುವವರು, ಹೀಗೆ ಬೈಕಿನ ಮೇಲೆ ಬದುಕುವ ಮಂದಿಯೆಲ್ಲ ಬೀದಿಯುದ್ದಕ್ಕೂ ಗಾಡಿ ನಿಲ್ಲಿಸಿಕೊಂಡು ಕಾಯುತ್ತಿದ್ದರು. ಎಲ್ಲರೂ ತಮ್ಮನ ಗ್ಯಾರೇಜಿನ ಗಿರಾಕಿಗಳೇ. ಯೋಚನೆಯೂ ಕೊರಿಯರಿನವನದೇ.

"ಮೊಟ್ಟೆಯಣ್ಣನ್ನ ಸದ್ದಿಲ್ಲದೆ ಕಳಿಸೋದು ಸರಿಯಲ್ಲ ಗುರು. ವ್ಯಾನಿನ ಹಿಂದೆ ಅಷ್ಟೂ ಗಾಡಿ ರೇಸ್ ಕೊಟ್ಕೊಂಡು ಬರ್ತೀವಿ, ಊರಿಗೆ ಊರೇ ತಿರುಗಿ ನೋಡ್ಬೇಕು. ಅವನ ಗಾಡೀಲಿ ನೀನು ಮುಂದೆ ಇರ್ಬೇಕು" ಎಂದಿದ್ದ ಬೆಳಿಗ್ಗೆ. ತಮ್ಮ ಹೂಂ ಅಂದಿದ್ದ. ಅಣ್ಣನಿಗೆ ಮಾಡಿಕೊಡಲು ಇನ್ನೇನೂ ಉಳಿದಿರಲಿಲ್ಲ.

*

ಅಷ್ಟು ಮೆತ್ತಗೆ ಗಾಡಿ ಓಡಿಸುವವನು ಇನ್ನೊಬ್ಬನಿರಲಿಲ್ಲ. ಸಗಟು ಅಂಗಡಿಯಲ್ಲಿ ಮೊಟ್ಟೆಯ ಟ್ರೇಗಳನ್ನು ತಲೆಮಟ್ಟ ಪೇರಿಸಿ, ರಬ್ಬರ್ ಪಟ್ಟಿಯಿಂದ ಬಿಗಿದು, ಬೇಕರಿಗಳಿಗೂ ಹೋಟೆಲುಗಳಿಗೂ ಮುಟ್ಟಿಸುವುದು ಅಣ್ಣನ ಕೆಲಸ. ದೊಡ್ಡ ಗುಂಡಿ ಕಂಡರೆ ಇಳಿದು ತಳ್ಳಿಕೊಂಡು ಹೋಗುತ್ತಿದ್ದ. ಮದುವೆಗೆ ಹೊರಟಾಗಲೂ, ಹಿಂದೆ ಹೆಂಡತಿ ಕೂತಿದ್ದಾಗಲೂ ಅದೇ ನಡಿಗೆ. "ನಾನೇನು ಒಡೆದುಹೋಗ್ತೀನಾ?" ಎಂದು ಅತ್ತಿಗೆ ರೇಗಿಸಿದರೆ, "ಯಾರಿಗ್ಗೊತ್ತು, ಯಾವತ್ತೂ ಬೀಳಿಸಿ ನೋಡಿಲ್ಲ" ಎನ್ನುತ್ತಿದ್ದ.

ಅಂಥವನಿಗೇ ಒಂದು ದಿನ, ರಸ್ತೆ ಬದಿಯಲ್ಲಿ ನಿಂತಿದ್ದ ಕಾರಿನ ಬಾಗಿಲು ತಟ್ಟನೆ ತೆರೆದುಕೊಂಡಿತು. ಕಾಲು ಮುರಿಯಿತು. ರಸ್ತೆಯೆಲ್ಲ ಹಳದಿಯಾಯಿತು. ಕಾರಿನವನು ಕೆಟ್ಟವನೇನಲ್ಲ, ತಾನೇ ಎತ್ತಿ ಕೂರಿಸಿ ನೀರು ಕುಡಿಸಿದ. ನೀವು ಬಂದಿದ್ದೇ ಗೊತ್ತಾಗಲಿಲ್ಲ ಎಂದು ಮತ್ತೆ ಮತ್ತೆ ಹೇಳಿದನಂತೆ.

ಆ ಮಾತು ತಮ್ಮನ ಹೊಟ್ಟೆಯಲ್ಲಿ ಕೂತುಬಿಟ್ಟಿತು. ಅಪ್ಪ ಅಮ್ಮ ಹೋದ ಮೇಲೆ ಅವನನ್ನು ಸಾಕಿ, ಗ್ಯಾರೇಜ್ ಹಾಕಿಸಿಕೊಟ್ಟವನು ಈ ಅಣ್ಣನೇ. ಅಣ್ಣ ಆಸ್ಪತ್ರೆಯಿಂದ ಬರುವುದರೊಳಗೆ ಅವನು ಗಾಡಿಯ ಸೈಲೆನ್ಸರ್ ಬಿಚ್ಚಿದ. ಒಳಗೆ ಸದ್ದನ್ನು ನುಂಗುವ ತಟ್ಟೆಗಳಿರುತ್ತವೆ. ಅವನ್ನೆಲ್ಲ ಕತ್ತರಿಸಿ ಎಸೆದು ಖಾಲಿ ಕೊಳವೆಯನ್ನು ಬೆಸುಗೆ ಹಾಕಿ ಕೂರಿಸಿದ. ಕೋಲು ಊರಿಕೊಂಡು ಬಂದ ಅಣ್ಣನ ಎದುರಿಗೆ ಕಿಕ್ ಹೊಡೆದಾಗ ಬೀದಿ ತುದಿಯಲ್ಲಿ ಮಲಗಿದ್ದ ನಾಯಿ ಎದ್ದು ಓಡಿತು. ಅಣ್ಣ ಕಿವಿ ಮುಚ್ಚಿಕೊಂಡು ನಕ್ಕ.

"ಏನೋ ಇದು, ಮೊಟ್ಟೆಯೊಳಗಿರೋ ಮರಿ ಹೆದರ್ಕೊಂಡು ಎದ್ದು ಬರುತ್ತೆ."

"ಬರ್ಲಿ ಬಿಡು. ಕಣ್ಣಿಗೆ ಬೀಳದಿದ್ರೂ ಕಿವಿಗಾದ್ರೂ ಬೀಳ್ತೀಯಲ್ಲ. ಇನ್ಮೇಲೆ ಯಾವನೂ ಗೊತ್ತಾಗ್ಲಿಲ್ಲ ಅನ್ನೋ ಹಾಗಿಲ್ಲ."

ಸುಳ್ಳಾಗಲಿಲ್ಲ. ಸದ್ದಿಗೆ ಜನ ಬೈದರು, ಆದರೆ ಬೈಯುತ್ತಲೇ ದಾರಿ ಬಿಟ್ಟರು. ಮೊಬೈಲ್ ನೋಡಿಕೊಂಡು ರಸ್ತೆಗಿಳಿಯುವವರು ಬೆಚ್ಚಿ ಹಿಂದೆ ಸರಿದರು. ಸುದ್ದಿ ಹಬ್ಬಿತು. ಹಾಲಿನವನು ಬಂದ, ಕೊರಿಯರಿನವನು ಬಂದ, ಅವರ ಹಿಂದೆ ಉಳಿದವರೂ ಬಂದರು. ಎಲ್ಲರದೂ ಒಂದೇ ಮಾತು: ಮೊಟ್ಟೆಯಣ್ಣನಿಗೆ ಹಾಕಿಕೊಟ್ಟಿದ್ದನ್ನೇ ನನಗೂ ಹಾಕು. ತಮ್ಮ ಹಾಕಿದ. ಜೀವ ಉಳಿಸುವ ಕೆಲಸ ಮಾಡುತ್ತಿದ್ದೇನೆ ಎಂದು ಎದೆಯುಬ್ಬಿಸಿಕೊಂಡೇ ಹಾಕಿದ.

*

ಹ್ಯಾಂಡಲ್ ಕೊನೆಗೂ ನೆಟ್ಟಗಾಗುವ ಹೊತ್ತಿಗೆ ಗೇಟಿನ ಬಳಿ ಒಬ್ಬ ವಯಸ್ಸಾದವನು ನಿಂತಿದ್ದ. ಒಳಗೆ ಬರುವ ಮನಸ್ಸಿಲ್ಲ, ಹೊರಟುಹೋಗುವ ಮನಸ್ಸೂ ಇಲ್ಲ. ಯಾರು ಬೇಕಿತ್ತು ಎಂದು ಕೇಳಿದಾಗ ಅವನು ತಮ್ಮನ ಕೈಯಲ್ಲಿದ್ದ ಸ್ಪ್ಯಾನರನ್ನು ನೋಡುತ್ತಲೇ ಹತ್ತಿರ ಬಂದ.

"ಆ ಲಾರೀಲಿ ನಾನಿದ್ದೆ. ಕ್ಲೀನರ್. ಡ್ರೈವರ್ ಸ್ಟೇಷನ್‌ನಲ್ಲಿದಾನೆ. ಹೊಡೀಬೇಕು ಅನ್ಸಿದ್ರೆ ಹೊಡೀರಿ, ಬೇಡ ಅನ್ನಲ್ಲ. ಒಂದು ವಿಷಯ ಮಾತ್ರ ಕೇಳ್ಬೇಕಿತ್ತು."

ಹೊಡೆಯುವ ಶಕ್ತಿ ಯಾರಿಗಿತ್ತು? ತಮ್ಮ ಅವನನ್ನು ಗೋಡೆಯ ಮರೆಗೆ ಕರೆದುಕೊಂಡು ಹೋದ. ಕ್ಲೀನರ್ ತಡವರಿಸುತ್ತ ಹೇಳಿದ. ಸೇತುವೆಯ ಇಳಿಜಾರಿನಲ್ಲಿ ಬ್ರೇಕ್ ಹಿಡಿಯಲಿಲ್ಲ. ಡ್ರೈವರ್ ಹಾರನ್ ಮೇಲಿಟ್ಟ ಕೈ ತೆಗೆಯಲೇ ಇಲ್ಲ. ಈತ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, ಗಂಟಲು ಹರಿಯುವಂತೆ ಕೂಗಿದ. ಕಾರುಗಳು ಸರಿದವು, ಬಸ್ಸು ಸರಿಯಿತು, ಸೈಕಲ್ಲಿನ ಮುದುಕನೊಬ್ಬ ಇಳಿದು ಕಟ್ಟೆಗೆ ಒತ್ತಿಕೊಂಡು ನಿಂತ. ಮೊಟ್ಟೆ ಗಾಡಿಯೊಂದು ಮಾತ್ರ ನಡುರಸ್ತೆಯಲ್ಲಿ, ತನ್ನ ಪಾಡಿಗೆ ತಾನು, ಮೆತ್ತಗೆ ಹೋಗುತ್ತಲೇ ಇತ್ತು.

"ಎಲ್ರೂ ಸರಿದ್ರು. ಅವರೊಬ್ರು ತಿರುಗಿ ಕೂಡ ನೋಡ್ಲಿಲ್ಲ. ನಿಮ್ಮಣ್ಣನಿಗೆ ಕಿವಿ ಕೇಳಿಸ್ತಿರ್ಲಿಲ್ವಾ?"

"ಚೆನ್ನಾಗೇ ಕೇಳಿಸ್ತಿತ್ತು" ಎಂದುಬಿಟ್ಟ ತಮ್ಮ. ಬಾಯಿಂದ ಬೀಳುವಾಗಲೇ ಅದು ಸುಳ್ಳೆಂದು ಗೊತ್ತಾಯಿತು.

ಕ್ಲೀನರ್ ತಲೆಯಾಡಿಸಿ ಹೋದ. ತಮ್ಮ ಗಾಡಿಯ ಹತ್ತಿರ ಬಂದು ಉಳಿದಿದ್ದ ಒಂದು ಕನ್ನಡಿಯ ಮುಂದೆ ಕುಕ್ಕರಿಸಿದ. ಈ ಕನ್ನಡಿಯಲ್ಲಿ ಅಣ್ಣನಿಗೆ ಏನು ಕಾಣುತ್ತಿತ್ತು? ಟ್ರೇ, ಟ್ರೇಯ ಮೇಲೆ ಟ್ರೇ. ತಲೆಮಟ್ಟ ಪೇರಿಸಿದ ಮೊಟ್ಟೆಯ ಹಿಂದೆ ಲಾರಿಯಲ್ಲ, ಬೆಟ್ಟವೇ ಉರುಳಿ ಬಂದರೂ ಕಾಣುವಂತಿರಲಿಲ್ಲ. ಬೆನ್ನ ಹಿಂದೆ ಏನು ಬರುತ್ತಿದೆ ಎಂದು ತಿಳಿಯಲು ಅವನಿಗೆ ಇದ್ದದ್ದು ಕಿವಿ ಮಾತ್ರ. ಅದರ ಪಕ್ಕದಲ್ಲೇ ಇಡೀ ದಿನ ಬೊಬ್ಬೆ ಹೊಡೆಯುವ ಕೊಳವೆಯನ್ನು ತಂದು ಕಟ್ಟಿದವನು ತಾನು. ಮುಂದಿದ್ದವರಿಗೆಲ್ಲ ಅಣ್ಣ ಕೇಳಿಸುವಂತೆ ಮಾಡಿ, ಅಣ್ಣನಿಗೆ ಯಾರೂ ಕೇಳಿಸದಂತೆ ಮಾಡಿದ್ದ. ಬೈಕಿನ ಒಂದೊಂದು ನಟ್ಟೂ ಗೊತ್ತಿದ್ದವನಿಗೆ ಇಷ್ಟು ಹೊಳೆಯಲಿಲ್ಲ.

*

ಅಣ್ಣನ ಕಿವಿ ಮಂದವಾಗುತ್ತಿದ್ದದ್ದು ಮೊದಲೇ ಗೊತ್ತಾಗುವುದಕ್ಕೆ ದಾರಿ ಇರಲಿಲ್ಲವೆಂದೇನೂ ಅಲ್ಲ. ಊಟಕ್ಕೆ ಕೂತಾಗ ಅಣ್ಣನ ಮಗಳು ಏನಾದರೂ ಕೇಳಿದರೆ ಅಣ್ಣ ಎಡಗೈಯನ್ನು ಎದೆಯ ಮೇಲಿಟ್ಟು, ತಲೆಯನ್ನು ಒಂದಿಷ್ಟು ವಾಲಿಸಿ, ನಸುನಕ್ಕು ಸುಮ್ಮನಾಗುತ್ತಿದ್ದ. ಗಾಡಿಯ ಮೇಲಿದ್ದಾಗ ಕಲಿತದ್ದು ಅದು. ಯಾರಾದರೂ ಮಾತಾಡಿಸಿದರೆ ಆ ಸದ್ದಿನಲ್ಲಿ ಏನೂ ತಿಳಿಯುವುದಿಲ್ಲ, ಬಲಗೈ ಎಕ್ಸಲರೇಟರ್ ಬಿಡುವಂತಿಲ್ಲ, ಎಡಗೈ ಎದೆಗೆ ಮುಟ್ಟಿಸಿದರೆ ಮುಗಿಯಿತು. ಬೈದವನಿಗೂ ಅದೇ, ಹೊಗಳಿದವನಿಗೂ ಅದೇ. ಎಂಥ ವಿನಯ ಎಂದುಕೊಂಡರು ಜನ.

"ಚಿಕ್ಕಪ್ಪ, ನೋಡು ಬೇಕಾದ್ರೆ" ಎಂದು ಮಗಳು ಒಂದು ಸಂಜೆ ಅಪ್ಪನ ಬೆನ್ನಿಗೆ ನಿಂತು, "ಅಪ್ಪಾ, ನಾನು ಮನೆ ಬಿಟ್ಟು ಓಡಿಹೋಗ್ತೀನಿ" ಎಂದಳು. ಅಣ್ಣ ಅನ್ನ ಕಲಸುತ್ತಲೇ ಇದ್ದ. ಎಲ್ಲರೂ ನಗುವುದು ಕಂಡು ತಾನೂ ನಕ್ಕು, ಎಡಗೈ ಎದೆಗಿಟ್ಟ. ಎಲ್ಲರಿಗಿಂತ ಜೋರಾಗಿ ನಕ್ಕವನು ತಮ್ಮ. ಅತ್ತಿಗೆ ಮಾತ್ರ ನಗದೆ ನೀರು ತರಲು ಎದ್ದು ಹೋಗಿದ್ದಳು.

*

ಅತ್ತಿಗೆ ಅಣ್ಣನ ತಲೆಯ ಹತ್ತಿರ ಕೂತಿದ್ದಳು. ಅತ್ತು ಅತ್ತು ಮುಖ ಊದಿಕೊಂಡಿತ್ತು. ತಮ್ಮ ಪಕ್ಕದಲ್ಲಿ ಕೂತು, ಕ್ಲೀನರ್ ಹೇಳಿದ್ದನ್ನೆಲ್ಲ ಮೆಲ್ಲಗೆ ಹೇಳಿದ. ಅವಳು ಕೆನ್ನೆಗೆ ಬಾರಿಸಲಿ, ಊರ ಮುಂದೆ ಎಳೆದು ನಿಲ್ಲಿಸಲಿ ಎಂದು ಕಾದ. ಅವಳು ಅಣ್ಣನ ಕಿವಿಯ ಮೇಲೆ ಬಿದ್ದಿದ್ದ ಹೂವಿನ ಎಸಳನ್ನು ತೆಗೆದು ಪಕ್ಕಕ್ಕಿಟ್ಟಳು.

"ನಂಗೆ ಗೊತ್ತಿತ್ತು. ಮಲಗಿದ್ರೆ ಕಿವಿಯೊಳಗೆ ಗುಂಯ್ ಅನ್ನುತ್ತೆ ಕಣೇ, ನಿದ್ದೆ ಬರಲ್ಲ ಅಂತಿದ್ರು. ಆ ಹಾಳು ಸೈಲೆನ್ಸರ್ ತೆಗೆಸಿಬಿಡಿ ಅಂದೆ. ನನ್ನ ತಮ್ಮ ಅಷ್ಟು ಪ್ರೀತಿಯಿಂದ ಮಾಡಿಕೊಟ್ಟಿದಾನೆ, ತೆಗಿ ಅಂದ್ರೆ ನೊಂದ್ಕೋತಾನೆ ಅಂದ್ರು. ನಿಂಗೆ ಹೇಳ್ಕೂಡದು ಅಂತ ಮಾತು ತಗೊಂಡ್ರು."

ಅವಳು ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವನು ಸರಿದು ಅಣ್ಣನ ಕಾಲು ಹಿಡಿದುಕೊಂಡ, ಕಾಲು ತಣ್ಣಗಿತ್ತು. ಅಣ್ಣ ಕಿವಿ ಕಳೆದುಕೊಂಡದ್ದು ತನ್ನಿಂದ, ಕಳೆದುಕೊಂಡೆ ಎಂದು ಹೇಳದೆ ಹೋದದ್ದು ತನಗಾಗಿ. ಎಲ್ಲಿಗೆ ಹೋಗಿ ಬೀಳುವುದು ಈಗ?

"ಒಂದು ಉಪಕಾರ ಮಾಡು" ಎಂದಳು ಅತ್ತಿಗೆ. "ಆ ಗಾಡಿಯವರು ರೇಸ್ ಕೊಟ್ಕೊಂಡು ಬರ್ತಾರಂತೆ. ಬೇಡ ಅನ್ನು. ಇವತ್ತೊಂದು ದಿನ ಇವರು ಸುಮ್ಮನೆ ಹೋಗ್ಲಿ. ಅವರ ಮನೇಲೂ ಹೆಂಡ್ತಿ ಮಕ್ಕಳಿದಾರೆ, ಅದನ್ನ ಬಿಚ್ಚಿ ಹಾಕೋಕೆ ಹೇಳು. ನೀನು ಹೇಳಿದ್ರೆ ಕೇಳ್ತಾರೆ."

ಅವನು ಎದ್ದು ಹೊರಗೆ ಓಡಿದ. ಕೊರಿಯರಿನವನು ಗಾಡಿಗಳನ್ನು ಸಾಲು ಹಿಡಿಸುತ್ತಿದ್ದ. ತಮ್ಮ ಅವನ ತೋಳು ಹಿಡಿದು, ಲಾರಿ ಹಾರನ್ ಹೊಡೆದದ್ದು, ಎಲ್ಲರೂ ಸರಿದದ್ದು, ಕನ್ನಡಿಯಲ್ಲಿ ಟ್ರೇ ಮಾತ್ರ ಕಾಣುತ್ತಿದ್ದದ್ದು ಎಲ್ಲ ಒಂದೇ ಉಸಿರಿಗೆ ಹೇಳಿದ. ತನಗೇ ಅದು ಹುಚ್ಚನ ಮಾತಿನ ಹಾಗೆ ಕೇಳಿಸಿತು. ಕೊರಿಯರಿನವನು ಅವನ ಹೆಗಲ ಮೇಲೆ ಕೈಯಿಟ್ಟ.

"ದುಃಖದಲ್ಲಿ ಏನೇನೋ ಅನ್ಸುತ್ತೆ ಗುರು. ಹೋದ ವಾರ ಕೂಡ ಒಬ್ಬ ನನ್ನ ಮೇಲೇ ಕಾರು ತಿರುಗಿಸ್ಕೊಂಡು ಬಂದ. ಸದ್ದು ಕೇಳಿ ನಿಲ್ಸಿದ. ಈ ಸದ್ದಿಲ್ದಿದ್ರೆ ಇವತ್ತು ಅಣ್ಣನ ಪಕ್ಕ ನಾನೂ ಮಲಗಿರ್ತಿದ್ದೆ. ನಮ್ಮ ಜೀವ ಉಳಿಸಿದವನು ನೀನು."

"ಎದುರಿಗಿರೋರಿಗೆ ಕೇಳಿಸುತ್ತೆ ಮಾರಾಯ. ಹಿಂದಿನಿಂದ ಬರೋದು ನಿಮಗೆ ಕೇಳಿಸಲ್ಲ. ಕಿವೀನೂ ಹೋಗ್ತಾ ಇದೆ ನಿಮ್ಮೆಲ್ಲರದೂ. ಬಿಚ್ಚಿ ಹಾಕಿ, ನಾನೇ ಹಳೇದು ಕೂರಿಸಿಕೊಡ್ತೀನಿ."

"ಹಾಗಿದ್ರೆ ಹಾಕೋವಾಗ ಯಾಕೆ ಹೇಳ್ಲಿಲ್ಲ?" ಎಂದ ಕೊರಿಯರಿನವನು. ಚುಚ್ಚಬೇಕೆಂದು ಕೇಳಿದ್ದಲ್ಲ. ಸಮಾಧಾನ ಮಾಡುತ್ತಿದ್ದೇನೆ ಎಂದೇ ಅವನು ಅಂದುಕೊಂಡಿದ್ದ.

ಅಷ್ಟರಲ್ಲಿ ಅಣ್ಣನನ್ನು ಹೊತ್ತು ತಂದರು. ಗೇಟಿನ ಹತ್ತಿರ ಅತ್ತಿಗೆ ಮಗಳನ್ನು ಅವುಚಿಕೊಂಡು ನಿಂತಳು. ವ್ಯಾನಿನ ಬಾಗಿಲು ಮುಚ್ಚಿದ್ದೇ ತಡ, ಕೊರಿಯರಿನವನು ಕೈ ಎತ್ತಿ ಸನ್ನೆ ಮಾಡಿದ. ಮೊದಲು ಒಂದು ಗಾಡಿ ಗುಡುಗಿತು, ಅದರ ಹಿಂದೆ ಬೀದಿಗೆ ಬೀದಿಯೇ ಗುಡುಗಿತು. ಮನೆಗಳ ಕಿಟಕಿ ಗಾಜುಗಳು ನಡುಗಿದವು. ಮಗಳು ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡಳು.

ತಮ್ಮ ನಡುರಸ್ತೆಗೆ ಹೋಗಿ ಎರಡೂ ಕೈ ಮೇಲೆತ್ತಿದ. ನಿಲ್ಲಿಸಿ ಎಂದು ಕೂಗಿದ. ಕೂಗು ತನಗೇ ಕೇಳಿಸಲಿಲ್ಲ. ಅಣ್ಣನಿಗೆ ಅವನು ಗೌರವ ತೋರಿಸುತ್ತಿದ್ದಾನೆ ಎಂದುಕೊಂಡು ಮುಂದಿನ ಸಾಲಿನವರು ತಾವೂ ಕೈ ಎತ್ತಿದರು. ಅವನು ಹಾಲಿನವನ ಹತ್ತಿರ ಓಡಿ, ಎರಡೂ ಭುಜ ಹಿಡಿದು ಅಲುಗಾಡಿಸಿ, ಕಿವಿಗೆ ಬಾಯಿಯಿಟ್ಟು ಕಿರುಚಿದ.

"ನಾನೇ ಕೊಂದೆ ಅವನನ್ನ. ನಿಮ್ಮನ್ನೂ ಕೊಲ್ತೀನಿ. ಬಿಚ್ಚಿ ಹಾಕ್ರೋ, ನಿಮ್ಮ ಕಾಲಿಗೆ ಬೀಳ್ತೀನಿ."

ಹಾಲಿನವನ ಕಣ್ಣು ತುಂಬಿ ಬಂದಿತ್ತು. ಅವನು ಎಡಗೈಯನ್ನು ಎದೆಯ ಮೇಲಿಟ್ಟು, ತಲೆಯನ್ನು ಒಂದಿಷ್ಟು ವಾಲಿಸಿ, ನಸುನಕ್ಕ. ಅವನ ಹಿಂದಿದ್ದ ಕೊರಿಯರಿನವನೂ ಎಡಗೈಯನ್ನು ಎದೆಗಿಟ್ಟ. ಅವನ ಹಿಂದಿನವನೂ ಇಟ್ಟ. ಸಾಲಿನ ಕೊನೆಯವರೆಗೂ ಒಬ್ಬೊಬ್ಬರಾಗಿ ಎಡಗೈ ಎದೆಗಿಟ್ಟು ತಲೆ ವಾಲಿಸಿದರು, ಬಲಗೈಯಲ್ಲಿ ಎಕ್ಸಲರೇಟರನ್ನು ಇನ್ನಷ್ಟು ತಿರುಗಿಸಿದರು.