ನಡುಕ ಸಾಲದು

ಆ ಬೀದಿಯವರೆಲ್ಲ ಅವರನ್ನು ಮುಳ್ಳುಮಾವ ಎಂದು ಕರೆಯುತ್ತಿದ್ದರು. ಸ್ವಭಾವದಲ್ಲಿ ಮುಳ್ಳೇನೂ ಇರಲಿಲ್ಲ. ಇದ್ದ ಮುಳ್ಳುಗಳೆಲ್ಲ ಮನೆಗೆ ಅಂಟಿಕೊಂಡ ಅಂಗಡಿಯ ಗೋಡೆಯ ಮೇಲಿದ್ದವು, ಗಂಟೆಯದೊಂದು, ನಿಮಿಷದ್ದೊಂದು, ಸೆಕೆಂಡಿನದೊಂದು. ನಲವತ್ತು ವರ್ಷದಿಂದ ವಾಚು ರಿಪೇರಿ ಮಾಡುತ್ತ ಬಂದ ಮಾವ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಮೇಜಿನ ಮೇಲೆ ಬಗ್ಗಿದರೆಂದರೆ ಮುಗಿಯಿತು, ಬಾಗಿಲಲ್ಲಿ ಮೆರವಣಿಗೆ ಹೋದರೂ ತಲೆ ಎತ್ತುತ್ತಿರಲಿಲ್ಲ. ಮಾತಂತೂ ಇಲ್ಲವೇ ಇಲ್ಲ. ಉಸಿರನ್ನೂ ಅಳೆದು ಬಿಡುತ್ತಾರೆ ಎಂದು ಹೆಂಡತಿ ದೂರುತ್ತಿದ್ದರು. ಅದು ಮುಕ್ಕಾಲು ಪಾಲು ನಿಜ. ಸಾಸಿವೆಯನ್ನು ನಾಲ್ಕು ಮಾಡಿದರೆ ಒಂದು ಪಾಲಾಗುವಷ್ಟು ಸ್ಕ್ರೂ ಎದುರಿಗಿರುವಾಗ ನಿಟ್ಟುಸಿರು ಬಿಟ್ಟರೆ, ಆಮೇಲೆ ಇಡೀ ಸಂಸಾರ ಮೊಣಕಾಲೂರಿ ನೆಲ ತಡವಬೇಕಾಗುತ್ತದೆ.

ಅಂಥ ಕೈಗೆ ಎರಡು ವರ್ಷದಿಂದ ನಡುಕ ಹತ್ತಿಕೊಂಡಿತ್ತು. ಸುಮ್ಮನೆ ತೊಡೆಯ ಮೇಲಿಟ್ಟರೆ ಸಾಧು ಪ್ರಾಣಿ. ಏನನ್ನಾದರೂ ಹಿಡಿದರೆ ಸಾಕು, ತಕಪಕ ಕುಣಿತ. ಕಾಫಿಯ ಕಪ್ಪೂ ಸಾಸರೂ ಅವರ ಕೈಯಲ್ಲಿ ಜಗಳ ಕಾಯುತ್ತಿದ್ದವು. ಪ್ರಾಣಕ್ಕೇನೂ ಅಪಾಯವಿಲ್ಲ, ನಿಮ್ಮ ತಂದೆಗೂ ಇತ್ತು ಅಂತೀರಲ್ಲ, ಅಲ್ಲಿಂದಲೇ ಬಂದಿದೆ ಎಂದು ಬೀದಿಯ ಡಾಕ್ಟರು ಮಾತ್ರೆ ಕೊಟ್ಟರು. ಮಾತ್ರೆ ನುಂಗಿದರೆ ಕೈಯೇನೋ ಮಲಗುತ್ತಿತ್ತು, ಜೊತೆಗೆ ಮಾವನೂ ಮಲಗುತ್ತಿದ್ದರು. ಹೀಗಾಗಿ ಅಂಗಡಿಯಲ್ಲಿ ಈಗ ಬ್ಯಾಟರಿ ಹಾಕುವುದು, ಪಟ್ಟಿ ಬದಲಿಸುವುದು, ಇಷ್ಟೇ. ವಾಚಿನ ಹೊಟ್ಟೆಯೊಳಗಿನ ಕೆಲಸ ಬಂದರೆ ಬೇರೆ ಅಂಗಡಿಯ ದಾರಿ ತೋರಿಸುತ್ತಿದ್ದರು. ಆ ದಾರಿ ತೋರಿಸುವ ಬೆರಳೂ ನಡುಗುತ್ತಿತ್ತು. ಗಿರಾಕಿಗಳು ಎರಡು ಬೀದಿ ಸುತ್ತಿ ವಾಪಸು ಬರುತ್ತಿದ್ದರು.

ಇಷ್ಟನ್ನೂ ಮಾವ ನುಂಗಿಕೊಂಡಾರು. ನುಂಗಲಾರದೆ ಉಳಿದದ್ದು ಮೇಜಿನ ಮೂಲೆಯಲ್ಲಿ ಬೋರಲು ಹಾಕಿದ ಒಂದು ಗಾಜಿನ ಲೋಟ. ಅದರ ಕೆಳಗೆ ಹೆಂಡತಿಯ ವಾಚು ಎಪ್ಪತ್ತೆರಡು ಚೂರಾಗಿ ಬಿದ್ದಿತ್ತು. ಮದುವೆಯಾದ ಹೊಸದರಲ್ಲಿ ಮಾವನೇ ಕೊಟ್ಟದ್ದು, ದಿನಾ ಬೆಳಿಗ್ಗೆ ಕೀ ಕೊಡಬೇಕಾದ ಪುಟ್ಟ ವಾಚು. ಎಣ್ಣೆ ಹಾಕಿ ಕೊಡುತ್ತೇನೆಂದು ಎಂಟು ತಿಂಗಳ ಹಿಂದೆ ಬಿಚ್ಚಿದ್ದರು. ಬಿಚ್ಚುವುದು ನಡುಗುವ ಕೈಗೂ ಬರುತ್ತದೆ. ಜೋಡಿಸಲು ಆಗಲಿಲ್ಲ. ಬೇರೆಯವರ ಕೈಗೆ ಕೊಡಲು ಮನಸ್ಸೂ ಬರಲಿಲ್ಲ. ಹೆಂಡತಿ ಕೇಳುತ್ತಿರಲಿಲ್ಲ, ಕೇಳುತ್ತಿದ್ದದ್ದು ಅವರ ಮಣಿಕಟ್ಟು. ವಾಚಿದ್ದ ಜಾಗದಲ್ಲಿ ಬೆಳ್ಳಗೆ ಒಂದು ಗೆರೆ ಉಳಿದಿತ್ತು, ತಟ್ಟೆ ಇಡುವಾಗೆಲ್ಲ ಮಾವನ ಕಣ್ಣಿಗೆ ಬೀಳುತ್ತಿತ್ತು.

ಬೀದಿಯ ಡಾಕ್ಟರೇ ಒಂದು ದಿನ, ದೊಡ್ಡಾಸ್ಪತ್ರೆಯ ಹಿಂದಿನ ಕಟ್ಟಡದಲ್ಲಿ ನಡುಕಕ್ಕೊಂದು ಹೊಸ ಪ್ರಯೋಗ ನಡೆಯುತ್ತಿದೆ, ಹೋಗಿ ನೋಡಿ ಎಂದು ಚೀಟಿ ಬರೆದುಕೊಟ್ಟರು.

ಆ ಕಟ್ಟಡದಲ್ಲಿ ಉದ್ದನೆಯ ಓಣಿ, ಓಣಿಯ ತುಂಬ ಬಾಗಿಲು, ಬಾಗಿಲಿಗೊಂದು ಕಾಯಿಲೆ. ಒಂದರಲ್ಲಿ ಮಂಡಿನೋವಿಗೆ ಹೊಸ ಇಂಜೆಕ್ಷನ್ ಪರೀಕ್ಷೆ, ಪಕ್ಕದಲ್ಲಿ ಅರೆತಲೆನೋವಿನ ಮಾತ್ರೆ, ಎದುರಿಗೆ ನಿದ್ದೆ ಬಾರದವರಿಗೆ ಮಾತಿನ ಚಿಕಿತ್ಸೆ, ಕೊನೆಯಲ್ಲಿ ಸಕ್ಕರೆ ಕಾಯಿಲೆಯವರ ಊಟದ ಲೆಕ್ಕ. ಎಲ್ಲರಿಗೂ ಸೇರಿ ಒಂದೇ ಬೆಂಚು. ಅಲ್ಲಿ ಕೂತವರಿಗೆ ಹೆಸರಿರಲಿಲ್ಲ, ಬಾಗಿಲೇ ಹೆಸರು. ಮಾವ ಹೋಗಿ ಕೂತಾಗ, ಮಂಡಿನೋವಿನ ನಿವೃತ್ತ ಮೇಷ್ಟ್ರೊಬ್ಬರು ಪಕ್ಕದವರನ್ನು, ತಲೆನೋವು ಬಂತು, ನಿದ್ದೆ ಯಾಕೆ ಇನ್ನೂ ಬಂದಿಲ್ಲ ಎಂದು ವಿಚಾರಿಸುತ್ತಿದ್ದರು. ನಿದ್ದೆಗೆ ಬಸ್ಸು ತಪ್ಪಿರಬೇಕು ಎಂದು ಉತ್ತರ ಬಂತು.

ನಡುಕದ ಬಾಗಿಲಿನ ಸಿಸ್ಟರ್ ಎಲ್ಲವನ್ನೂ ನಿಧಾನವಾಗಿ ತಿಳಿಸಿ ಹೇಳಿದರು. ಮಣಿಕಟ್ಟಿಗೆ ಒಂದು ಪಟ್ಟಿ ಕಟ್ಟುತ್ತಾರೆ. ಅದು ಚರ್ಮದ ಮೇಲಿಂದಲೇ ನರಕ್ಕೆ ಸಣ್ಣಗೆ ವಿದ್ಯುತ್ತು ಕೊಡುತ್ತದೆ, ದಿನಕ್ಕೆರಡು ಸಲ, ನಲವತ್ತು ನಿಮಿಷ. ನಡುಕ ಕಡಿಮೆಯಾಗುತ್ತದೋ ಇಲ್ಲವೋ, ಅದನ್ನು ಕಂಡುಹಿಡಿಯಲೆಂದೇ ಈ ಪ್ರಯೋಗ. ಅರ್ಧ ಜನಕ್ಕೆ ಅಸಲು ಪಟ್ಟಿ, ಇನ್ನರ್ಧ ಜನಕ್ಕೆ ಸುಮ್ಮನೆ ಗುಂಯ್ ಎನ್ನುವ ಪಟ್ಟಿ. ಮೂರು ತಿಂಗಳಾದ ಮೇಲೆ ಅದಲುಬದಲು. ಯಾವಾಗ ಯಾರಿಗೆ ಯಾವುದೆಂದು ಕಟ್ಟುವ ಸಿಸ್ಟರಿಗೂ ತಿಳಿಯದು, ಕಟ್ಟಿಸಿಕೊಂಡವರಿಗೂ ತಿಳಿಯದು. ಸೇರಿಸಿಕೊಳ್ಳುವ ಮೊದಲು ಒಂದು ಕೈಪರೀಕ್ಷೆ ಇದೆ, ನಾಲ್ಕು ವಾರ ಬಿಟ್ಟು ಬನ್ನಿ ಎಂದರು.

ಮಾವನ ಹೆಂಡತಿ ಮೂವತ್ತು ವರ್ಷ ಟೆಲಿಫೋನ್ ಕಚೇರಿಯಲ್ಲಿ ಕೂತವರು. ಊರವರ ದನಿಯೆಲ್ಲ ಕೇಳಿ ಕೇಳಿ, ಯಾರ ಗಂಟಲನ್ನು ಬೇಕಾದರೂ ತಮ್ಮ ಗಂಟಲಿಗೆ ಇಳಿಸಿಕೊಳ್ಳುತ್ತಿದ್ದರು. ಗಂಡ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ನೋಡಿಯೇ ಇರದ ಸಿಸ್ಟರಿನ ದನಿಯನ್ನು ಊಹಿಸಿ ಅಡುಗೆಮನೆಯಿಂದ ಹೊರಡಿಸಿದರು.

"ಅಸಲೋ ನಕಲೋ ಕಟ್ಟಿಕೊಂಡವರಿಗೆ ತಿಳಿಯೋದಿಲ್ಲ, ಯಜಮಾನ್ರೇ. ನಿಮ್ಮನ್ನ ಕಟ್ಟಿಕೊಂಡಾಗ ನಿಮ್ಮ ಮನೆಯವರಿಗೇನು ತಿಳಿದಿತ್ತಾ?"

ಪರೀಕ್ಷೆ ಎಂಬ ಒಂದು ಮಾತು ಮಾತ್ರ ಮಾವನ ತಲೆಯಿಂದ ಇಳಿಯಲಿಲ್ಲ. ಸುರುಳಿ ಬರೆಸುತ್ತಾರೆ, ಒಂದು ಲೋಟದಿಂದ ಇನ್ನೊಂದಕ್ಕೆ ನೀರು ಹುಯ್ಯಿಸುತ್ತಾರೆ ಎಂದು ಮಂಡಿ ಮೇಷ್ಟ್ರು ಮೊದಲೇ ಪ್ರಶ್ನೆಪತ್ರಿಕೆ ಬಯಲು ಮಾಡಿದ್ದರು. ಪರೀಕ್ಷೆ ಅಂದ ಮೇಲೆ ತಯಾರಿ ಬೇಕು ಸ್ವಾಮಿ, ಎಂದೂ ಸೇರಿಸಿದ್ದರು. ಮಾವ ಹಳೆಯ ಕ್ಯಾಲೆಂಡರಿನ ಹಾಳೆಗಳ ಬೆನ್ನಿಗೆ ಸುರುಳಿ ಬರೆಯಲು ಕೂತರು. ಮೊದಲ ದಿನದ ಸುರುಳಿ ಕೋಳಿ ಕೆದಕಿದ ತಿಪ್ಪೆ. ಆದರೆ ಕಸುಬಿನ ಕೈ, ಅದಕ್ಕೆ ತನ್ನದೇ ಉಪಾಯಗಳಿದ್ದವು. ಮೊಣಕೈಯನ್ನು ಪಕ್ಕೆಲುಬಿಗೆ ಒತ್ತಿಕೊಂಡರು. ಕಿರುಬೆರಳನ್ನು ಮೇಜಿಗೆ ಊರಿ ಗೂಟ ಮಾಡಿಕೊಂಡರು. ಉಸಿರು ಹಿಡಿದು, ನಡುಕದ ಒಂದು ಅಲೆ ಹೋಗಿ ಇನ್ನೊಂದು ಬರುವ ಸಂದಿನಲ್ಲಿ ಪೆನ್ಸಿಲನ್ನು ತುಸು ಜಾರಿಸುವುದು, ನಿಲ್ಲಿಸುವುದು, ಮತ್ತೆ ಜಾರಿಸುವುದು. ಹಾಳೆಯ ಮೂಲೆಯಲ್ಲಿ ತಾರೀಕು, ಗಂಟೆ, ನಿಮಿಷ ಬರೆದಿಟ್ಟರು. ಅದು ಕಸುಬಿನ ಚಟ. ನಾಲ್ಕನೆಯ ವಾರದ ಹೊತ್ತಿಗೆ ಸುರುಳಿ ವಾಚಿನೊಳಗಿನ ಕೂದಲೆಳೆಯ ಸ್ಪ್ರಿಂಗಿನಷ್ಟು ನುಣುಪಾಗಿ ಬಂತು. ಅರ್ಧ ನಿಮಿಷದ ಮಟ್ಟಿಗೆ, ಅಷ್ಟೇ. ಅದಕ್ಕಿಂತ ಹೆಚ್ಚು ಉಸಿರು ಹಿಡಿದರೆ ಕಣ್ಣು ಕತ್ತಲೆ.

ಪರೀಕ್ಷೆಯ ದಿನ ಹೆಂಡತಿ ತಂಗಿಯ ಮನೆಗೆ ಹೋಗಿದ್ದರು. ಮಾವ ಒಬ್ಬರೇ ಹೋಗಿ ಸಿಸ್ಟರಿನ ಎದುರು ಕೂತು ಸುರುಳಿ ಬರೆದರು, ನೀರು ಹುಯ್ದರು. ಒಂದು ಹನಿ ಹೊರಗೆ ಬೀಳಲಿಲ್ಲ. ಸಿಸ್ಟರ್ ಹಾಳೆಯನ್ನು ಬೆಳಕಿಗೆ ಹಿಡಿದರು, ಅಂಕಪಟ್ಟಿ ನೋಡಿದರು, ಮತ್ತೆ ಹಾಳೆ ನೋಡಿದರು.

"ತುಂಬಾ ಚೆನ್ನಾಗಿ ಬರೆದಿದೀರಿ," ಎಂದರು. "ಅದೇ ತೊಂದರೆ. ಪ್ರಯೋಗಕ್ಕೆ ಸೇರಿಸ್ಕೊಳ್ಳೋಕೆ ಹದಿನೈದು ಅಂಕವಾದರೂ ಬೇಕು, ನಿಮಗೆ ಬಂದಿರೋದು ಆರು."

ಇಷ್ಟು ಚೆನ್ನಾಗಿ ಮಾಡಿದರೂ ಆರೇನಾ ಎಂದು ಮಾವ ಕೇಳಿದರು.

"ಅಂಕ ಕೊಡೋದು ನಡುಕಕ್ಕೆ, ಯಜಮಾನ್ರೇ. ನಿಮಗೆ ನಡುಕ ಸಾಲದು."

ಮಾವ ಓಣಿಗೆ ಬಂದರು. ಏನಾಯ್ತು ಫಲಿತಾಂಶ ಎಂದು ಮಂಡಿ ಮೇಷ್ಟ್ರು ಕೇಳಿದರು. ಮೊದಲ ದರ್ಜೆಯಲ್ಲಿ ನಪಾಸು ಎಂದು ಹೇಳಿ ಮಾವ ಬಸ್ಸು ಹಿಡಿದರು.

ಸಂಜೆ ಹೆಂಡತಿ ಬಂದಾಗ ಮಾವ ಎಲ್ಲವನ್ನೂ ಹೇಳಿ, ಮೊಣಕೈ ಒತ್ತಿ, ಕಿರುಬೆರಳು ಊರಿ, ಒಂದು ಸುರುಳಿಯನ್ನೂ ಬರೆದು ತೋರಿಸಿದರು. ಆಕೆ ಸೆರಗು ಕಣ್ಣಿಗೆ ಒತ್ತಿಕೊಂಡು ನಕ್ಕರು. ನಗು ಇಳಿಯುತ್ತ ಇಳಿಯುತ್ತ ಮೇಜಿನ ಮೂಲೆಯ ಬೋರಲು ಲೋಟದ ಮೇಲೆ ಹೋಗಿ ನಿಂತಿತು.

"ಅಲ್ಲರೀ, ನೀವು ಕಾಯಿಲೆ ತೋರಿಸೋಕೆ ಹೋಗಿದ್ರೋ, ಬಚ್ಚಿಡೋಕೋ?"

ಮಾವ ಪೆನ್ಸಿಲು ಕೆಳಗಿಟ್ಟರು. "ಯಾರೋ ಎದುರಿಗೆ ಕೂತು ಕೈ ನೋಡ್ತಿದ್ರೆ ತಡ್ಕೊಳ್ಳೋಕಾಗಲ್ಲ ಕಣೇ," ಎಂದರು. "ಜನ ನನ್ನ ಮುಖ ನೋಡಿ ವಾಚು ಕೊಟ್ಟೋರಲ್ಲ, ಈ ಕೈ ನೋಡಿ ಕೊಟ್ಟೋರು."

ಮಾರನೆಯ ಬೆಳಿಗ್ಗೆ ಹೆಂಡತಿ ಕ್ಯಾಲೆಂಡರಿನ ಹಾಳೆಗಳನ್ನೆಲ್ಲ ಸುರುಳಿ ಸುತ್ತಿ ರಬ್ಬರ್ ಹಾಕಿ, ಚಪ್ಪಲಿ ಮೆಟ್ಟಿ, ಏಳಿ ಎಂದರು. ಪ್ರಯೋಗಕ್ಕೆ ಜನ ಸೇರಿಸಿಕೊಳ್ಳುವುದು ಆ ವಾರಕ್ಕೆ ಮುಗಿಯಲಿತ್ತು.

ಸಿಸ್ಟರು ಅವರನ್ನು ಪ್ರಯೋಗ ನಡೆಸುತ್ತಿದ್ದ ಡಾಕ್ಟರಮ್ಮನ ಕೋಣೆಗೆ ಕಳಿಸಿದರು. ನಲವತ್ತರ ಆಸುಪಾಸಿನ ಹೆಂಗಸು, ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು ಅದನ್ನೇ ಮೇಜಿನ ಮೇಲೆ ಹುಡುಕುತ್ತಿದ್ದರು. ಹೆಂಡತಿ ಅದನ್ನು ತೋರಿಸಿಕೊಟ್ಟು, ಹಾಳೆಗಳನ್ನು ಒಂದೊಂದಾಗಿ ಹರಡಿದರು. ಮೊದಲ ದಿನದ ತಿಪ್ಪೆಯಿಂದ ಕೊನೆಯ ದಿನದ ಸ್ಪ್ರಿಂಗಿನವರೆಗೆ, ತಾರೀಕು ಸಮೇತ. ಡಾಕ್ಟರಮ್ಮ ಎದ್ದು ನಿಂತು ನೋಡಿದರು. ಮಾವನಿಂದ ಮೊಣಕೈ, ಕಿರುಬೆರಳು, ಉಸಿರು ಎಲ್ಲದರ ವಿವರ ಕೇಳಿ ಬರೆದುಕೊಂಡರು. ಇದುವರೆಗೆ ಎಷ್ಟು ದರ್ಜಿಗಳು, ಎಷ್ಟು ಅಕ್ಕಸಾಲಿಗರು ಹೀಗೆ ಪಾಸಾಗಿ ಮನೆಗೆ ಹೋದರೋ ಎಂದು ತಮ್ಮಷ್ಟಕ್ಕೇ ಗೊಣಗಿಕೊಂಡರು. ಪಟ್ಟಿ ತಯಾರಿಸುವ ಕಂಪನಿಗೂ ಪ್ರಯೋಗಕ್ಕೆ ಒಪ್ಪಿಗೆ ಕೊಡುವ ಸಮಿತಿಗೂ ಫೋನು ಮಾಡಿ ಕೇಳಬೇಕು, ಒಂದು ಗಂಟೆ ಕಾಯಿರಿ ಎಂದರು.

ಒಂದು ಗಂಟೆ ಒಂದೂಮುಕ್ಕಾಲು ಗಂಟೆಯಾಯಿತು. ಅಷ್ಟರಲ್ಲಿ ಬೆಂಚಿನವರಿಗೆಲ್ಲ ಮಾವನ ಹೆಂಡತಿ ಓಣಿಯ ಪ್ರತಿಯೊಂದು ಬಾಗಿಲಿನ ದನಿಯನ್ನೂ ಎತ್ತಿ ತೋರಿಸಿದ್ದರು. ತಲೆನೋವಿನವರಿಗೆ ನಕ್ಕು ನಕ್ಕು ತಲೆನೋವು ಬಂದಿತ್ತು.

ಮತ್ತೆ ಪರೀಕ್ಷೆ ಮಾಡಬಹುದೆಂದು ಒಪ್ಪಿಗೆ ಸಿಕ್ಕಿತು. ಮೊಣಕೈ ಮೈಗೆ ತಾಗಬಾರದು, ಕೈ ಮೇಜಿಗೆ ತಾಗಬಾರದು, ಬರೆಯುವಷ್ಟು ಹೊತ್ತೂ ಮಾತಾಡುತ್ತಿರಬೇಕು. ಮಾತಾಡುವವರು ಉಸಿರು ಹಿಡಿಯಲಾರರು.

"ಏನು ಮಾತಾಡ್ಲಿ?" ಎಂದರು ಮಾವ. ಪೆನ್ಸಿಲು ಹಿಡಿದಾಗಿತ್ತು.

"ನನ್ನ ವಾಚು ಹೇಗೆ ಜೋಡಿಸ್ತೀರಿ, ಹೇಳಿ," ಎಂದರು ಹೆಂಡತಿ.

ಮಾವ ಆಕೆಯ ಮಣಿಕಟ್ಟಿನ ಕಡೆ ಒಮ್ಮೆ ನೋಡಿ ಶುರು ಮಾಡಿದರು. ಮೊದಲು ತಳದ ತಗಡು. ಆಮೇಲೆ ಕೀ ಕೊಡುವ ಸ್ಪ್ರಿಂಗಿನ ಡಬ್ಬಿ. ಅದರ ಪಕ್ಕ ಹಲ್ಲಿನ ಚಕ್ರ, ಒಂದರ ಹಲ್ಲು ಇನ್ನೊಂದನ್ನು ಕಚ್ಚಬೇಕು, ಆದರೆ ನೋಯಿಸಬಾರದು. ಪೆನ್ಸಿಲು ಆಗಲೇ ದಾರಿ ಬಿಟ್ಟಿತ್ತು. ಅದನ್ನು ತಡೆಯಲು ಕಿರುಬೆರಳು ತಾನಾಗಿ ಕೆಳಗಿಳಿಯಿತು. ಮಾವ ಅದನ್ನು ಮೇಲೆತ್ತಿದರು. ಕಷ್ಟಪಟ್ಟು ಎತ್ತಿದರು. ಕೊನೆಗೆ ತೂಗುವ ಚಕ್ರ, ಅದಕ್ಕೆ ಕೂದಲೆಳೆಯ ಸ್ಪ್ರಿಂಗು, ಅದು ಕೂತ ಕೂಡಲೇ ವಾಚಿಗೆ ಜೀವ ಬರ್ತದೆ, ನೋಡಿ, ಯಾರೂ ಮುಟ್ಟೋದು ಬೇಡ, ತಾನೇ ಆಡೋಕೆ ಶುರು ಮಾಡುತ್ತೆ. ಆ ಮಾತು ಮುಗಿಯುವ ಹೊತ್ತಿಗೆ ಸುರುಳಿ ಹಾಳೆಯ ಅಂಚು ದಾಟಿ ಮೇಜಿನ ಮೇಲೆ ಹತ್ತಿತ್ತು. ನೀರಿನ ಲೋಟ ಅರ್ಧ ಸಿಸ್ಟರಿನ ಕೈಗೆ, ಅರ್ಧ ನೆಲಕ್ಕೆ.

ಮಾವ ತಲೆ ಬಗ್ಗಿಸಿ ಕೂತರು. ಸಿಸ್ಟರು ಕೈ ಒರೆಸಿಕೊಳ್ಳುತ್ತ ಹೇಳಿದರು:

"ಹತ್ತೊಂಬತ್ತು. ಪಾಸು."

ಅಂದೇ ಮಾವನ ಮಣಿಕಟ್ಟಿಗೆ ಪಟ್ಟಿ ಬಂತು. ಜೀವಮಾನವೆಲ್ಲ ಬೇರೆಯವರ ಕೈಗೆ ವಾಚು ಕಟ್ಟಿದವರಿಗೆ, ಗಂಟೆ ತೋರಿಸದ ವಾಚೊಂದನ್ನು ಕಟ್ಟಿದ ಹಾಗಾಯಿತು. ಮೊದಲ ಮೂರು ತಿಂಗಳು ಅದು ಗುಂಯ್ ಎಂದದ್ದೇ ಬಂತು. ಸಿಸ್ಟರು ತುಂಬಲು ಕೊಟ್ಟಿದ್ದ ದಿನಚರಿಯಲ್ಲಿ ಮಾವ ಇಂದೂ ಏನೂ ಇಲ್ಲ ಎಂದು ಬರೆದರು. ಪಾಪ ಸಿಸ್ಟರು ಬೇಜಾರು ಮಾಡಿಕೊಳ್ಳುತ್ತಾರೆ, ತುಸು ಗುಣ ಎಂದು ಬರೆಯಲೇ ಎಂದು ಒಂದು ದಿನ ಕೇಳಿದ್ದಕ್ಕೆ, ಮತ್ತೆ ಕಿರುಬೆರಳು ಊರಬೇಡಿ ಎಂದು ಹೆಂಡತಿ ಗದರಿದರು.

ಪಟ್ಟಿ ಅದಲುಬದಲಾಗಿ ಹದಿನೈದು ದಿನವಾಗಿರಬಹುದು. ಒಂದು ಬೆಳಿಗ್ಗೆ ಮಾವ ಕಾಫಿ ಕುಡಿಯುತ್ತಿದ್ದಾಗ ಹೆಂಡತಿ ಅಡುಗೆಮನೆಯಿಂದ ಹೊರಗೆ ಬಂದು ನಿಂತರು. ಏನೆಂದು ಮಾವ ಕೇಳಿದರೆ, ಕಪ್ಪೂ ಸಾಸರೂ ಇವತ್ತು ಜಗಳವಾಡುತ್ತಿಲ್ಲವಲ್ಲ ಎಂದರು. ನಿಂತೇ ಹೋಗಿತ್ತೆಂದಲ್ಲ. ಪಟ್ಟಿ ಬಿಚ್ಚಿದ ಮೇಲೆ ಒಂದು ಗಂಟೆಯಷ್ಟು ಹೊತ್ತು ಬಿರುಗಾಳಿ ಇಳಿದು ತಂಗಾಳಿಯಾಗುತ್ತಿತ್ತು, ಆಮೇಲೆ ಮೆಲ್ಲಗೆ ಮತ್ತೆ ಏರುತ್ತಿತ್ತು. ಎಲ್ಲರಿಗೂ ಹೀಗೇ ಆಗುತ್ತದೆಯೇ ಎಂಬುದು ಲೆಕ್ಕ ಮುಗಿದ ಮೇಲೆ ತಿಳಿಯಬೇಕು, ಕೆಲವರಿಗೆ ಏನೂ ಆಗದೆಯೂ ಇರಬಹುದು ಎಂದರು ಡಾಕ್ಟರಮ್ಮ. ಹೊಸ ಕೈಪರೀಕ್ಷೆಯ ನಿಯಮ ಮುಂದಿನ ಪ್ರಯೋಗಕ್ಕೂ ಹೋಗುತ್ತದೆ ಎಂದೂ ಹೇಳಿದರು. ಮಾವನಿಗೆ ಒಂದು ಗಂಟೆ ಸಾಕಾಗಿತ್ತು.

ಅವರು ಬೋರಲು ಲೋಟ ಎತ್ತಿದರು. ದಿನಕ್ಕೊಂದು ಗಂಟೆ, ಹನ್ನೊಂದು ದಿನ. ಕೈಯೇನೋ ಹತೋಟಿಗೆ ಬಂದಿತ್ತು, ಬಾಯಿ ಹತೋಟಿ ತಪ್ಪಿತ್ತು. ಪರೀಕ್ಷೆಯಲ್ಲಿ ಬಿಚ್ಚಿದ ಬಾಯಿ ಮುಚ್ಚಲೇ ಇಲ್ಲ. ಈ ಚಕ್ರ ನೋಡೇ, ಇದು ನಮ್ಮತ್ತೆ ಥರ, ತಾನು ನಿಧಾನ, ಬೇರೆಯವರನ್ನ ಓಡಿಸ್ತದೆ. ಈ ಸ್ಕ್ರೂ ನಿಮ್ಮಣ್ಣ, ಬಿಗಿ ಮಾಡಿದಷ್ಟೂ ತಿರುಗ್ತದೆ. ನಲವತ್ತು ವರ್ಷದ ಬಾಕಿ ಮಾತೆಲ್ಲ ಚಿಮಟದ ತುದಿಯಿಂದ ಉದುರುತ್ತಿತ್ತು. ಹೆಂಡತಿ ಎದುರಿಗೆ ಮುಕ್ಕಾಲಿ ಹಾಕಿಕೊಂಡು ಅವರೆಕಾಯಿಯೋ ಬಟಾಣಿಯೋ ಬಿಡಿಸುತ್ತ ಹೂಂ ಎನ್ನುತ್ತಿದ್ದರು.

ಹನ್ನೊಂದನೆಯ ದಿನ ತೂಗುವ ಚಕ್ರ ಕೂತಿತು. ಕೂತು, ಒಂದು ಕ್ಷಣ ಯೋಚಿಸಿ, ಆಡತೊಡಗಿತು. ಮಾವ ಹಿಂದಿನ ಮುಚ್ಚಳ ಹಾಕಿ, ಕೀ ಕೊಟ್ಟು, ಹೆಂಡತಿಯ ಮಣಿಕಟ್ಟಿನ ಬಿಳಿಗೆರೆಯ ಮೇಲೆ ಕಟ್ಟಿದರು. ಪಟ್ಟಿಯ ಕೊಂಡಿ ಸಿಕ್ಕಿಸಲು ಮೂರು ಸಲ ಬೇಕಾಯಿತು. ಗಂಟೆ ಮುಗಿಯುತ್ತ ಬಂದಿತ್ತು. ಅಷ್ಟೂ ಹೊತ್ತು, ಇದಕ್ಕೆ ದಿನಕ್ಕೆರಡು ನಿಮಿಷ ಹಿಂದೆ ಬೀಳೋ ಚಟ ಮೊದಲಿಂದ ಇತ್ತು, ನೆನಪಿದೆಯಾ, ನಾನು ಆಗಲೇ ಹೇಳಿದ್ದೆ, ಎಂದು ಮಾತು ಮುಂದುವರಿದೇ ಇತ್ತು.

ಹೆಂಡತಿ ಕೈಯನ್ನು ಕಿವಿಗೆ ಹಿಡಿದು ಕಣ್ಣು ಮುಚ್ಚಿಕೊಂಡರು.

"ಒಂದು ನಿಮಿಷ ಸುಮ್ನಿರ್ತೀರಾ?" ಎಂದರು. "ನಿಮ್ಮ ಮಾತಲ್ಲಿ ಟಿಕ್ ಟಿಕ್ ಕೇಳಿಸ್ತಾ ಇಲ್ಲ."

ಮಾವ ಬಾಯಿ ಮುಚ್ಚಿದರು. ಹಳೆಯ ಅಭ್ಯಾಸ, ಉಸಿರನ್ನೂ ಹಿಡಿದರು.